ಉಂಡವರ ಹತ್ತಿರ ರೊಕ್ಕ ಕೇಳಲು ಕಲಿತದ್ದು

ನಮ್ಮ ಮನೆ ಪಟ್ಟದಕಲ್ಲಿನ ಗುಡಿಗಳ ಸಮೀಪವೇ ಇದೆ. 1987ರಲ್ಲೇ ಯುನೆಸ್ಕೋ ಪಟ್ಟಿಗೆ ಸೇರಿದ ಊರು. ಬೆಳಿಗ್ಗೆ ಬಾದಾಮಿಯ ಗುಹೆ ಹತ್ತಿಳಿದು, 22 ಕಿ.ಮೀ. ದಾಟಿ ಬಂದು ವಿರೂಪಾಕ್ಷ ಗುಡಿ ನೋಡುವಷ್ಟರಲ್ಲಿ ಮಟಮಟ ಮಧ್ಯಾಹ್ನ. ಆ ಹೊತ್ತಿಗೆ ಬಿಸ್ಕತ್ತು ತಿನ್ನುತ್ತ ಐಹೊಳೆ ಕಡೆ ಹೊರಡುವವರನ್ನು ಕಟ್ಟೆ ಮೇಲೆ ಕೂತು ಎಷ್ಟೋ ವರ್ಷ ನೋಡಿದ್ದೆ. ಮನೆಯಲ್ಲೇ ರೊಟ್ಟಿ ಊಟ ಹಾಕೋಣ ಅನ್ನಿಸಿದ್ದು ಹಾಗೆ.

ಪಡಸಾಲೆಗೆ ಸುಣ್ಣ, ಚಾಪೆ, ತಾಟು, ಆಗ ವರ್ಷಕ್ಕೆ 100 ರೂಪಾಯಿ ಇದ್ದ ಆಹಾರ ಸುರಕ್ಷತಾ ನೋಂದಣಿ. ಇಷ್ಟೆಲ್ಲ ಸಲೀಸಾಗಿ ಆಯಿತು. ಆದರೆ ಅತ್ತೆಯ ಒಂದು ಮಾತು ದಾಟಲಿಕ್ಕೆ ಆರು ತಿಂಗಳು ಹಿಡಿಯಿತು: "ಮನಿಗೆ ಬಂದು ಉಂಡವ್ರ ಕಡೆ ರೊಕ್ಕ ಇಸ್ಕೋತಿಯೇನ?"

ನನಗೂ ಹಾಗೇ ಅನ್ನಿಸುತ್ತಿತ್ತು. ಅದಕ್ಕೇ ದರ ಹೇಳದೆ "ತಿಳಿದಷ್ಟು ಕೊಡ್ರಿ" ಅನ್ನುತ್ತಿದ್ದೆ. ಕೆಲವರು ಕೈತುಂಬ ಕೊಟ್ಟರು, ನಾಲ್ಕು ಜನ ಉಂಡು ಐವತ್ತು ಇಟ್ಟವರೂ ಇದ್ದರು. ಎಷ್ಟು ಕೊಡಬೇಕೋ ತಿಳಿಯದೆ ಒದ್ದಾಡಿದವರೇ ಹೆಚ್ಚು. ರೊಟ್ಟಿ ಬಡಿಯಲು ಬರುತ್ತಿದ್ದ ಪಕ್ಕದ ಮನೆಯಾಕೆಗೆ ಅವತ್ತವತ್ತಿನ ಕೂಲಿ ಪೂರಾ ಕೊಡಲಾಗದೆ ನಿಂತ ದಿನ ನನ್ನ ತಪ್ಪು ಗೊತ್ತಾಯಿತು. ನನ್ನ ಸಂಕೋಚಕ್ಕೆ ಬೆಲೆ ತೆರುತ್ತಿದ್ದವಳು ಆಕೆ.

ಆ ವರ್ಷ ಬನಶಂಕರಿ ಜಾತ್ರೆಗೆ ಅತ್ತೆಯನ್ನು ಕರೆದುಕೊಂಡು ಹೋದೆ. ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಶೇಂಗಾ ಚಟ್ನಿ, ಗಡಿಗೆ ಮೊಸರು ಮಾರುವ ಹೆಂಗಸರನ್ನು ತೋರಿಸಿ, "ಇವ್ರು ಅನ್ನ ಮಾರ್ತಾರೇನ್ರಿ?" ಅಂದೆ. "ಅವ್ರು ದುಡೀತಾರ" ಅಂದರು. ಮರುದಿನವೇ ಲೆಕ್ಕಕ್ಕೆ ಕೂತೆವು. ಮೊದಲು ಬಡಿಯುವವರ ಕೂಲಿ, ಆಮೇಲೆ ಜೋಳ, ಶೇಂಗಾ, ಕಟ್ಟಿಗೆ, ಕಡೆಗೆ ನನ್ನದು. ಅತ್ತೆಯ ಷರತ್ತು ಮೂರು: ದರ ಚಪ್ಪಲಿ ಬಿಡುವ ಮೊದಲೇ ಹೇಳಬೇಕು, ತಾಟಿನ ಮುಂದೆ ಕೂತ ಮೇಲೆ ರೊಟ್ಟಿ ಎಣಿಸಬಾರದು, ಮಜ್ಜಿಗೆಗೆ ರೊಕ್ಕ ಹಿಡಿಯಬಾರದು. ಇಂದಿಗೂ ಅವೇ ನಿಯಮ.

ಹಿಟ್ಟಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಹಿಂಗಾರಿ ಬಿಳಿಜೋಳವೇ ಬೇಕು, ಅದೂ ವಾರಕ್ಕಾಗುವಷ್ಟು ಮಾತ್ರ ಬೀಸಿಸುತ್ತೇನೆ. ಹಳೆಯದಾದರೆ ಹಿಟ್ಟಿನ ಜಿಗಿ ಹೋಗಿ ಅಂಚು ಒಡೆಯುತ್ತದೆ. ಕುದಿಯುವ ಎಸರು ಹಾಕಿ ಅಂಗೈಯಿಂದ ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿ ತಿರುವಿದರೆ ಪುರಿಯಂತೆ ಉಬ್ಬಬೇಕು. ಒಮ್ಮೆ ಮೂವತ್ತು ಜನ ಬರುತ್ತಾರೆಂದು ನಸುಕಿನಲ್ಲೇ ರೊಟ್ಟಿ ಮಾಡಿಸಿಟ್ಟೆ. ಮಧ್ಯಾಹ್ನಕ್ಕೆ ಚರ್ಮದಂತಾಗಿತ್ತು, ಎಣ್ಣೆಗಾಯಿ ಖಾಲಿಯಾಯಿತು, ರೊಟ್ಟಿ ಹಾಗೇ ಉಳಿಯಿತು. ಈಗ ಒಂದು ಪಂಕ್ತಿಗೆ ಹನ್ನೆರಡೇ ಜನ, ಒಲೆಯಿಂದ ನೇರ ತಾಟಿಗೆ.

ಒಬ್ಬ ಕಾರಿನ ಚಾಲಕ ತಲೆಗಿಷ್ಟು ಕಮಿಷನ್ ಕೇಳಿದ. ಕೊಡಲಿಲ್ಲ. ಕೆಲವು ವಾರ ಅತಿಥಿಗಳು ಕಡಿಮೆಯಾದರು. ಆದರೆ ಬರುವ ಚಾಲಕರಿಗೆಲ್ಲ ಅದೇ ಪಂಕ್ತಿಯಲ್ಲಿ ಪುಕ್ಕಟೆ ಊಟ ಹಾಕುತ್ತ ಬಂದೆ, ಈಗ ಅವರೇ ಫೋನ್ ಮಾಡಿ "ಎಂಟು ಮಂದಿ ಅದಾರ್ರಿ" ಅನ್ನುತ್ತಾರೆ.

ಏಪ್ರಿಲ್, ಮೇನಲ್ಲಿ ಗುಡಿಯ ಕಲ್ಲಿನ ಮೇಲೆ ಕಾಲಿಡಲಾಗದು, ಪ್ರವಾಸಿಗರೂ ಇಲ್ಲ. ಆ ಎರಡು ತಿಂಗಳು ಕಟಕ್ ರೊಟ್ಟಿ, ಅಂದರೆ ಗರಿಗರಿ ಒಣ ರೊಟ್ಟಿ ಮಾಡಿ ಕಟ್ಟು ಕಟ್ಟಿ ಹುಬ್ಬಳ್ಳಿ, ಬೆಂಗಳೂರಿಗೆ ಕಳಿಸುತ್ತೇವೆ. ನನಗೆ ಉಳಿಯುವುದು ಸ್ವಲ್ಪವೇ, ಆದರೆ ಬಡಿಯುವ ಇಬ್ಬರ ಕೂಲಿ ಒಂದು ವಾರವೂ ತಪ್ಪಿಲ್ಲ.