ಬ್ರಿಟನ್ನಿನ ಬಿಡಿಭಾಗ ಕಂಪನಿಯೊಂದರ ಇತಿಹಾಸವನ್ನು ಹುಡುಕುವ ಬಗೆ

ಬ್ರಿಟನ್ನಿನ ಮೋಟಾರು ಉದ್ಯಮಕ್ಕೆ ದೀಪ, ಬ್ರೇಕು, ಕಾರ್ಬ್ಯುರೇಟರುಗಳನ್ನು ಪೂರೈಸುತ್ತಿದ್ದ ಕಂಪನಿಯೊಂದರ ಇತಿಹಾಸವನ್ನು ಬರೆಯಹೊರಟವರು ಮೊದಲು ಹೆಸರನ್ನೂ ಸಂಸ್ಥೆಯನ್ನೂ ಬೇರೆಬೇರೆಯಾಗಿ ನೋಡಬೇಕು. ಬರ್ಮಿಂಗ್‌ಹ್ಯಾಮಿನ ಲ್ಯೂಕಸ್ ಇದಕ್ಕೆ ಒಳ್ಳೆಯ ನಿದರ್ಶನ. ಜೋಸೆಫ್ ಲ್ಯೂಕಸ್ ಮತ್ತು ಆತನ ಮಗ ಹ್ಯಾರಿಯ ಪಾಲುದಾರಿಕೆಯಾಗಿದ್ದ ಈ ವ್ಯವಹಾರ 1897ರಲ್ಲಿ ಲಿಮಿಟೆಡ್ ಕಂಪನಿಯಾಯಿತು; 1926ರಲ್ಲಿ ವಾಹನಗಳ ವಿದ್ಯುತ್ ಉಪಕರಣ ತಯಾರಿಸುತ್ತಿದ್ದ ರೋಟಾಕ್ಸ್ ಮತ್ತು ಸಿಎವಿ ಕಂಪನಿಗಳನ್ನು ಕೊಂಡಿತು; 1996ರಲ್ಲಿ ವ್ಯಾರಿಟಿ ಎಂಬ ಕಂಪನಿಯೊಡನೆ ವಿಲೀನವಾಗಿ, 1999ರಲ್ಲಿ ಅಮೆರಿಕದ ಟಿಆರ್‌ಡಬ್ಲ್ಯು ಕಂಪನಿಯ ಪಾಲಾಯಿತು. ಹೆಸರು ಮಾತ್ರ ಬಿಡಿಭಾಗಗಳ ಡಬ್ಬಿಗಳ ಮೇಲೆ ಇನ್ನೂ ಉಳಿದಿದೆ.

ಲಿಮಿಟೆಡ್ ಆದ ಮೇಲಿನ ಕಾಲಕ್ಕೆ ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ನೋಂದಣಿ ಸಂಖ್ಯೆಯನ್ನು ಹಿಡಿಯಿರಿ. ಹೆಸರು ಎಷ್ಟು ಸಲ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಮುಚ್ಚಿಹೋದ ಹಳೆಯ ಕಂಪನಿಗಳ ಕಡತಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ, ಬಿಟಿ 31 ಎಂಬ ಗುರುತಿನ ಕಡತ ಸರಣಿಯಲ್ಲಿವೆ. ಆದರೆ ಎಲ್ಲವನ್ನೂ ಉಳಿಸಿಲ್ಲವಾದ್ದರಿಂದ, ಅಲ್ಲಿ ಸಿಗಲಿಲ್ಲವೆಂದರೆ ಕಂಪನಿಯೇ ಇರಲಿಲ್ಲವೆಂದು ತೀರ್ಮಾನಿಸಬಾರದು. ಪಾಲುದಾರಿಕೆಯ ಕಾಲಕ್ಕೆ ಊರಿನ ವ್ಯಾಪಾರ ಡೈರೆಕ್ಟರಿಗಳನ್ನೂ, ಪಾಲುದಾರಿಕೆ ಮುರಿದ ಪ್ರಕಟಣೆಗಳಿಗಾಗಿ ಸರ್ಕಾರಿ ಪತ್ರಿಕೆಯಾದ ಲಂಡನ್ ಗೆಜೆಟ್ಟನ್ನೂ ನೋಡಬೇಕು.

ನನ್ನ ಮಟ್ಟಿಗೆ ಹೆಚ್ಚು ಫಲ ಕೊಡುವುದು ಪೇಟೆಂಟ್ ದಾಖಲೆ. ಹಳೆಯ ದೀಪದ ಹಿತ್ತಾಳೆಯ ಮೇಲೆ ಒತ್ತಿರುವ ಸಂಖ್ಯೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದಿ, ಪಕ್ಕದಲ್ಲಿ ವರ್ಷವೂ ಇದೆಯೇ ಎಂದು ನೋಡಿ. 1916ಕ್ಕೆ ಮುನ್ನ ಬ್ರಿಟಿಷ್ ಪೇಟೆಂಟುಗಳ ಎಣಿಕೆ ಪ್ರತಿವರ್ಷ ಒಂದರಿಂದ ಶುರುವಾಗುತ್ತಿದ್ದುದರಿಂದ ವರ್ಷವಿಲ್ಲದ ಸಂಖ್ಯೆ ಹೆಚ್ಚು ನೆರವಾಗದು. 1916ರಲ್ಲಿ 1,00,001ರಿಂದ ಆರಂಭವಾದ ಹೊಸ ಸರಣಿಯಲ್ಲಿ ಸಂಖ್ಯೆಯೊಂದೇ ಸಾಕು. ಯುರೋಪಿಯನ್ ಪೇಟೆಂಟ್ ಕಚೇರಿಯ ಎಸ್ಪಾಸೆನೆಟ್ ಜಾಲತಾಣದಲ್ಲಿ ವಿವರಣೆಯೂ ನಕ್ಷೆಯೂ ಉಚಿತವಾಗಿ ಸಿಗುತ್ತವೆ. ಅರ್ಜಿದಾರರ ಸಾಲಿನಲ್ಲಿ ಕಂಪನಿಯ ಜೊತೆಗೆ ಅದರ ಎಂಜಿನಿಯರನ ಹೆಸರೂ ಇದ್ದರೆ, ಆ ಉಪಕರಣವನ್ನು ನಿಜವಾಗಿ ರೂಪಿಸಿದವನು ಯಾರೆಂಬ ಸುಳಿವು ಅಲ್ಲೇ ದೊರೆಯುತ್ತದೆ. ಮಾರುಕಟ್ಟೆಗೆ ಬಂದ ಕಾಲವನ್ನು ತಾಳೆ ನೋಡಲು 1895ರಿಂದ ಪ್ರಕಟವಾಗುತ್ತಿರುವ ಆಟೋಕಾರ್ ಪತ್ರಿಕೆಯ ಜಾಹೀರಾತುಗಳಿವೆ.

ಕಂಪನಿಯೇ ಹೊರತಂದ ವಾರ್ಷಿಕೋತ್ಸವ ಸಂಪುಟಗಳನ್ನು ಕೊನೆಗೆ ಓದುವುದು ಒಳ್ಳೆಯದು. ಅವುಗಳಲ್ಲಿ ನಿರ್ದೇಶಕರ ಭಾವಚಿತ್ರಗಳಿಗೆ ಸಿಗುವಷ್ಟು ಜಾಗ ಮುಷ್ಕರಗಳಿಗೆ ಸಿಗುವುದು ಅಪರೂಪ. ಆ ಕೊರತೆಯನ್ನು ವಾರಿಕ್ ವಿಶ್ವವಿದ್ಯಾಲಯದ ಮಾಡರ್ನ್ ರೆಕಾರ್ಡ್ಸ್ ಸೆಂಟರ್ ತುಂಬುತ್ತದೆ. ಕಾರ್ಮಿಕ ಸಂಘಗಳ ಕಾಗದಪತ್ರಗಳ ಜೊತೆಗೆ ಡಾರ್ಲಸ್ಟನ್ ಊರಿನ ರೂಬರಿ ಓವನ್ ಎಂಬ ಬಿಡಿಭಾಗ ಕಂಪನಿಯ ದಾಖಲೆಗಳೂ ಅಲ್ಲಿವೆ.

ಪೂರೈಕೆದಾರನನ್ನು ಗಿರಾಕಿಯೇ ಕೊಂಡಿದ್ದರೆ ಹುಡುಕಾಟದ ದಿಕ್ಕು ಬದಲಾಗಬೇಕು. ಎಸ್‌ಯು ಕಾರ್ಬ್ಯುರೇಟರ್ ಕಂಪನಿ 1926ರಲ್ಲಿ ಕಾರು ತಯಾರಕ ವಿಲಿಯಂ ಮಾರಿಸನ ವಶವಾದ್ದರಿಂದ, ಅದರ ಮುಂದಿನ ಕಥೆಯನ್ನು ಮಾರಿಸ್ ಕಂಪನಿ ಹಾಗೂ ಅದರ ಉತ್ತರಾಧಿಕಾರಿ ಕಂಪನಿಗಳ ಕಡತಗಳಲ್ಲಿ ಅರಸಬೇಕು. ಅದಕ್ಕೆ ಗೇಡನ್ನಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನ ಪತ್ರಾಗಾರಕ್ಕೆ ಮುಂಚಿತವಾಗಿ ಪತ್ರ ಬರೆದು, ಬೇಕಾದ ವರ್ಷಗಳನ್ನೂ ಬಿಡಿಭಾಗದ ಸಂಖ್ಯೆಯನ್ನೂ ತಿಳಿಸಿ.