ಆನೋಡೈಸ್ ಆದ ಅಲ್ಯೂಮಿನಿಯಂ ಬಗ್ಗಿಸಿದರೆ ಬಿರುಕೇಕೆ?

ಕಿಟಕಿಯ ಮೇಲೆ ಇರಚಲು ತಡೆಯಲು ಹಾಕಿದ ಕಂದು ಅಲ್ಯೂಮಿನಿಯಂ ಪಟ್ಟಿಯನ್ನು ಬೆಳಕಿಗೆ ಓರೆಯಾಗಿ ನೋಡಿ. ಬಗ್ಗಿದ ಅಂಚಿನುದ್ದಕ್ಕೂ ಕೂದಲೆಳೆಯಂಥ ಬಿಳಿ ಗೆರೆಗಳು ಕಂಡರೆ, ಆನೋಡೈಸ್ ಆದ ಮೇಲೆ ಬಗ್ಗಿಸಿದ್ದಾರೆಂದು ತಿಳಿಯಬಹುದು. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಮಳೆಗಾಲವಿಡೀ ಗೋಡೆ ಒಣಗುವುದಿಲ್ಲ. ಆ ಗೆರೆಗಳಲ್ಲಿ ನೀರು ನಿಂತರೆ ಲೋಹ ಸವೆದು ಬಿಳಿ ಪುಡಿ ಏಳುತ್ತದೆ.

ಆನೋಡೈಸ್ ಎಂಬುದು ಪೇಂಟ್ ಅಲ್ಲ. ಗಂಧಕಾಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದಾಗ ಲೋಹದ ಮೈಯೇ ಆಕ್ಸೈಡ್ ಆಗುತ್ತದೆ. ಈ ಪದರ ಹೆಂಚಿನ ಹಾಗೆ: ಗಟ್ಟಿ, ಆದರೆ ಬಾಗದು. ಶೇ 1ರಷ್ಟು ಹಿಗ್ಗುವ ಮೊದಲೇ ಬಿರಿಯುತ್ತದೆ. 2 ಮಿ.ಮೀ. ಷೀಟನ್ನು ಒಳಗಡೆ 4 ಮಿ.ಮೀ. ತ್ರಿಜ್ಯ ಬರುವಂತೆ ಬಗ್ಗಿಸಿದರೆ ಹೊರಮೈ ಸುಮಾರು ಶೇ 20ರಷ್ಟು ಹಿಗ್ಗಬೇಕು. ಲೋಹ ತಾಳಿಕೊಳ್ಳುತ್ತದೆ, ಪದರ ತಾಳುವುದಿಲ್ಲ. 200 ಮಿ.ಮೀ. ತ್ರಿಜ್ಯದ ಮೆಲುವಾದ ಬಾಗಿನಲ್ಲೂ ಹಿಗ್ಗುವಿಕೆ ಶೇ 0.5 ಇರುತ್ತದೆ, ಅಷ್ಟಕ್ಕೂ ಪದರ ಬಿರಿಯಬಹುದು. ಪದರ ದಪ್ಪವಿದ್ದಷ್ಟೂ ಬಿರುಕು ಎದ್ದು ಕಾಣುತ್ತದೆ.

ಗ್ಯಾಸ್ ಬರ್ನರ್‌ನಿಂದ ಬಿಸಿ ಮಾಡಿ ಬಗ್ಗಿಸುವ ಉಪಾಯ ಬೇಡವೇ ಬೇಡ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವಷ್ಟು ಆಕ್ಸೈಡ್ ಹಿಗ್ಗದು. ಬಗ್ಗಿಸುವ ಮೊದಲೇ ಜೇಡರ ಬಲೆಯಂತೆ ಬಿರುಕು ಹರಡುತ್ತದೆ, ಲೋಹವೂ ಮೆತ್ತಗಾಗುತ್ತದೆ.

ಸರಿಯಾದ ಕ್ರಮ ಹೀಗೆ

ಷೀಟ್ ಕೊಳ್ಳುವಾಗಲೇ ‘ಮಿಲ್ ಫಿನಿಶ್’, ಅಂದರೆ ಆನೋಡೈಸ್ ಆಗದ ಬರಿಯ ಷೀಟ್, ಎಂದು ಕೇಳಿ. ಬಗ್ಗಿಸುವ ಕೆಲಸಕ್ಕೆ 5052 ಎಚ್32 (ಮಿಶ್ರಲೋಹದ ಸಂಖ್ಯೆ ಮತ್ತು ಅದರ ಗಟ್ಟಿತನದ ಗುರುತು) ಒಳ್ಳೆಯದು. ಕಿಟಕಿ ಸೆಕ್ಷನ್‌ಗಳ 6063 ಲೋಹ ಟಿ6 (ಓವನ್‌ನಲ್ಲಿಟ್ಟು ಗಟ್ಟಿ ಮಾಡಿದ) ಸ್ಥಿತಿಯಲ್ಲಿ ಬಿರುಸು. ಅದನ್ನು ಟಿ4 (ಹಾಗೆ ಗಟ್ಟಿ ಮಾಡದ) ಸ್ಥಿತಿಯಲ್ಲಿ ತಂದು ಬಗ್ಗಿಸಿ, ಆಮೇಲೆ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 8 ಗಂಟೆ ಓವನ್‌ನಲ್ಲಿಟ್ಟರೆ ಬಲ ಬರುತ್ತದೆ. ಟಿ6 ಅನ್ನೇ ಬಗ್ಗಿಸುವುದಾದರೆ ಒಳತ್ರಿಜ್ಯ ದಪ್ಪದ ಮೂರು ಪಟ್ಟಾದರೂ ಇರಲಿ, ಒಂದು ತುಂಡಿನಲ್ಲಿ ಮೊದಲು ಪರೀಕ್ಷಿಸಿ.

ಷೀಟ್ ಮೇಲೆ ರೋಲರ್ ಎಳೆದ ಸಣ್ಣ ಗೆರೆಗಳಿರುತ್ತವೆ. ಮಡಿಕೆ ಅವಕ್ಕೆ ಅಡ್ಡವಾಗಿ ಬರಬೇಕು. ಉದ್ದಕ್ಕೆ ಬಂದರೆ ಲೋಹವೇ ಸೀಳುವುದುಂಟು. ಕತ್ತರಿಸುವುದು, ತೂತು ಕೊರೆಯುವುದು, ಅಂಚಿಗೆ ಅರ ಹಿಡಿಯುವುದು ಎಲ್ಲ ಮುಗಿದ ಮೇಲೆಯೇ ಆನೋಡೈಸ್‌ಗೆ ಕಳಿಸಿ. ವೆಲ್ಡ್ ಇದ್ದರೆ 5356 ಫಿಲ್ಲರ್ (ಬೆಸುಗೆಗೆ ಕರಗಿಸಿ ತುಂಬುವ ತಂತಿ) ಬಳಸಿ. 4043 ಬಳಸಿದರೆ ಆನೋಡೈಸ್ ಆದಾಗ ಅಲ್ಲಿ ಕಪ್ಪು ಬೂದು ಪಟ್ಟೆ ಮೂಡುತ್ತದೆ. ಮುಚ್ಚಿದ ಪೈಪ್‌ಗೆ ಎರಡೂ ತುದಿಯಲ್ಲಿ ತೂತು ಬೇಕು. ಇಲ್ಲದಿದ್ದರೆ ಒಳಗೆ ಉಳಿದ ಆಮ್ಲ ನಂತರ ಒಸರಿ ಬಣ್ಣ ಹಾಳುಮಾಡುತ್ತದೆ.

ಮಲೆನಾಡಿನ ಹೊರಗೋಡೆಗೆ ಆನೋಡೈಸ್ ಪದರದ ಭಾರತೀಯ ಮಾನದಂಡವಾದ ಐಎಸ್ 1868ರ ಎಸಿ 25 ದರ್ಜೆ, ಅಂದರೆ ಸರಾಸರಿ 25 ಮೈಕ್ರಾನ್, ಕೇಳಿ ಬರೆಸಿಕೊಳ್ಳಿ. ಸೀಲಿಂಗ್ ಮಾಡಿದ್ದಾರೆಯೇ ಎಂದೂ ವಿಚಾರಿಸಿ. ಅದಿಲ್ಲದೆ ಪದರದ ರಂಧ್ರಗಳು ತೆರೆದೇ ಇರುತ್ತವೆ.

ಈಗಾಗಲೇ ಆನೋಡೈಸ್ ಆಗಿದ್ದರೆ

ಬಗ್ಗಿಸಬೇಡಿ. 45 ಡಿಗ್ರಿಗೆ ಕೊಯ್ದು, ಒಳಗೆ ಕಾರ್ನರ್ ಕ್ಲೀಟ್ (ಮೂಲೆ ಜೋಡಿಸುವ ತುಂಡು) ಕೊಟ್ಟು, ಸಂದಿಗೆ ಸಿಲಿಕೋನ್ ತುಂಬಿ. ಬಿರಿದಿದೆಯೇ ಎಂಬ ಅನುಮಾನವಿದ್ದರೆ ಮಡಿಕೆಯ ಮೇಲೆ ಮಾರ್ಕರ್ ಶಾಯಿ ಹಚ್ಚಿ, ಒಂದು ನಿಮಿಷ ಬಿಟ್ಟು ಸ್ಪಿರಿಟ್ ಬಟ್ಟೆಯಿಂದ ಒರೆಸಿ. ಬಿರುಕಿದ್ದಲ್ಲಿ ಶಾಯಿ ಗೆರೆಯಾಗಿ ಉಳಿಯುತ್ತದೆ. ಅಂಥ ಪಟ್ಟಿಯನ್ನು ಆನೋಡೈಸ್ ಮಾಡುವವರಿಗೇ ಕೊಟ್ಟು ಪದರ ತೆಗೆಸಿ ಮತ್ತೆ ಮಾಡಿಸಬಹುದು. ತೆಗೆಯುವ ಕಾಸ್ಟಿಕ್ ಸೋಡಾ ಲೋಹವನ್ನೂ ತಿನ್ನುತ್ತದೆ, ಹೈಡ್ರೋಜನ್ ಬಿಡುತ್ತದೆ. ಮನೆಯ ಬಚ್ಚಲಿನಲ್ಲಿ ಮಾಡುವ ಕೆಲಸವಲ್ಲ. ದಪ್ಪವೂ ಸ್ವಲ್ಪ ಕಡಿಮೆಯಾಗುವುದರಿಂದ ಬಿಗಿಯಾಗಿ ಕೂರಬೇಕಾದ ಭಾಗವಾದರೆ ಹೊಸದನ್ನೇ ಮಾಡಿಸಿ.