ಪ್ರವೇಶದಿಂದ ರಾಷ್ಟ್ರಪತಿ ಪುರಸ್ಕಾರದವರೆಗೆ: ನಾನು ತಯಾರಾದ ಬಗೆ

ರಾಷ್ಟ್ರಪತಿ ಗೈಡ್ ಪುರಸ್ಕಾರಕ್ಕೆ ಏನೇನು ಓದಬೇಕು ಅಂತ ಹೈಸ್ಕೂಲು ಹುಡುಗಿಯರು, ಅವರಿಗಿಂತ ಹೆಚ್ಚಾಗಿ ಅವರ ಅಮ್ಮಂದಿರು, ನನ್ನನ್ನು ಕೇಳುತ್ತಿರುತ್ತಾರೆ. ಓದುವುದು ಕಡಿಮೆ, ಕೈಯಲ್ಲಿ ಮಾಡುವುದು ಜಾಸ್ತಿ ಅಂದರೆ ನಂಬುವುದಿಲ್ಲ.

ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ 10 ವರ್ಷ ತುಂಬಿದ ಹುಡುಗಿ ಗೈಡ್ ಆಗಬಹುದು. ಅಲ್ಲಿನ ಮೆಟ್ಟಿಲುಗಳು ಹೀಗೆ: ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ, ತೃತೀಯ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹಾರುವಂತಿಲ್ಲ.

ನಾನು ಹೆಚ್ಚು ಹೊತ್ತು ಕಳೆದದ್ದು ಹಗ್ಗದ ಜೊತೆ. ಗಂಟುಗಳನ್ನು ಪ್ರಥಮ ಸೋಪಾನದ ಬಾಬ್ತು ಅಂತ ಕಲಿತು ಮರೆಯುವವರೇ ಬಹಳ. ನಮ್ಮ ಗೈಡ್ ತಂಡ ನಡೆಸುವ ಕ್ಯಾಪ್ಟನ್ ಮೇಡಂ ಮಾತ್ರ ಪ್ರತಿ ಗಂಟಿಗೂ ‘ಇದು ಎಲ್ಲಿಗೆ?’ ಅಂತ ಕೇಳುತ್ತಿದ್ದರು. ರೀಫ್ ನಾಟ್ ಚಪ್ಪಟೆಯಾಗಿ ಕೂರುತ್ತದೆ, ಚರ್ಮಕ್ಕೆ ಒತ್ತುವುದಿಲ್ಲ, ಅದಕ್ಕೇ ಬ್ಯಾಂಡೇಜಿಗೆ ಅದು. ಒಂದು ಹಗ್ಗ ದಪ್ಪ, ಇನ್ನೊಂದು ಸಣ್ಣ ಇದ್ದರೆ ಶೀಟ್ ಬೆಂಡ್. ಬೋಲೈನ್ ಕುಣಿಕೆ ಎಳೆದಷ್ಟೂ ಬಿಗಿಯುವುದಿಲ್ಲ, ಹಾಗಾಗಿ ಮನುಷ್ಯರನ್ನು ಮೇಲೆತ್ತಲು ಅದೇ ಬೇಕು. ಎರಡು ಕೋಲನ್ನು ಅಡ್ಡಡ್ಡ ಇಟ್ಟು ಹಗ್ಗದಿಂದ ಬಿಗಿದು ಕಟ್ಟುವ ಸ್ಕ್ವೇರ್ ಲ್ಯಾಶಿಂಗ್ ಶುರುವಾಗುವುದೂ ಮುಗಿಯುವುದೂ ಕೋಲಿಗೆ ಹಗ್ಗ ಸುತ್ತಿ ಹಾಕುವ ಗಂಟಾದ ಕ್ಲೋವ್ ಹಿಚ್‌ನಲ್ಲಿ. ಈ ‘ಎಲ್ಲಿಗೆ’ ತಿಳಿದ ಮೇಲೆ ಪ್ರಥಮ ಚಿಕಿತ್ಸೆ, ಶಿಬಿರದ ಕೆಲಸ, ಪಾರುಗಾಣಿಕೆ ಎಲ್ಲ ಒಂದಕ್ಕೊಂದು ನೆರವಾದವು. ಮೊಳೆ ಮುಟ್ಟದೆ ಬರೀ ಕೋಲು ಹಗ್ಗದಲ್ಲಿ ಚಪ್ಪಲಿ ಸ್ಟ್ಯಾಂಡ್ ಕಟ್ಟಿ, ಮನೆಯ ಹಿತ್ತಲಲ್ಲೇ ಇಟ್ಟು ನೋಡಿದೆ. ಮಳೆಯಲ್ಲಿ ನೆನೆದು ಒಣಗಿದ ಮೇಲೂ ಅಲುಗಾಡದಿದ್ದರೆ ಲ್ಯಾಶಿಂಗ್ ಸರಿ.

ಅಂದಾಜು ಅಳತೆಗೆ ನನ್ನ ಮೈಯೇ ಟೇಪು. ಗೇಣು, ಮೊಳ, ಒಂದು ಹೆಜ್ಜೆಯ ದೂರ, ಮೂರನ್ನೂ ಸೆಂಟಿಮೀಟರಿನಲ್ಲಿ ಅಳೆದು ಬಾಯಿಪಾಠ ಮಾಡಿಕೊಂಡಿದ್ದೆ. (ಬೆಳೆಯುವ ವಯಸ್ಸು, ಆಗಾಗ ಮತ್ತೆ ಅಳೆಯಬೇಕು.) ಹೊಳೆಯ ಅಗಲ ಹೇಳಲು ನನಗಿಷ್ಟವಾದ ಉಪಾಯ ಕೈಯದ್ದು. ದಡದಲ್ಲಿ ನೆಟ್ಟಗೆ ನಿಂತು ಅಂಗೈಯನ್ನು ಹುಬ್ಬಿನ ಮೇಲೆ ಟೋಪಿಯ ಅಂಚಿನಂತೆ ಹಿಡಿದು, ಅದರ ತುದಿ ಆಚೆ ದಡಕ್ಕೆ ಸರಿಯಾಗಿ ತಾಗಿದಂತೆ ಕಾಣುವವರೆಗೆ ತಲೆ ಬಗ್ಗಿಸುವುದು. ತಲೆ, ಕೈ ಕದಲಿಸದೆ ಹಾಗೆಯೇ ಈಚೆ ದಡದ ಸಮತಟ್ಟು ನೆಲದ ಕಡೆಗೆ ತಿರುಗಿದರೆ ನೋಟ ಎಲ್ಲಿ ಬೀಳುತ್ತದೋ ಅಲ್ಲಿಯವರೆಗಿನ ಹೆಜ್ಜೆ ಎಣಿಸಿದರೆ ಆಯಿತು. ಶಾಲೆಯ ಮೈದಾನದಲ್ಲಿ ಎರಡು ಗೆರೆ ಎಳೆದು, ಅದನ್ನೇ ಹೊಳೆ ಅಂದುಕೊಂಡು ಅಭ್ಯಾಸ ಮಾಡುತ್ತಿದ್ದೆವು. ಅಲ್ಲಾದರೆ ಉತ್ತರ ಸರಿಯೋ ತಪ್ಪೋ ಟೇಪು ಹಿಡಿದು ನೋಡಬಹುದು.

ಒಂದೊಂದು ಕೌಶಲಕ್ಕೆ ಸಿಗುವ ಪ್ರಾವೀಣ್ಯತಾ ಬ್ಯಾಡ್ಜ್‌ಗಳದ್ದು ಬೇರೆಯೇ ಲೆಕ್ಕ. ಅದಕ್ಕೆ ಆ ವಿಷಯ ಬಲ್ಲ ಹೊರಗಿನವರ ಮುಂದೆ ನಿಲ್ಲಬೇಕು. ಆಂಬುಲೆನ್ಸ್ ಬ್ಯಾಡ್ಜಿಗೆ ತಯಾರಾಗುವಾಗ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ಹತ್ತಿರ ಹೋಗಿ ಕೂರುತ್ತಿದ್ದೆ. ಪೆಟ್ಟಾದ ಕೈಯನ್ನು ಕತ್ತಿಗೆ ತೂಗಿಸಲು ನಾನು ಅಂದವಾಗಿ ಕಟ್ಟಿದ ಸ್ಲಿಂಗ್ ನೋಡಿ ಅವರು, ‘ಚೆಂದ ಇದೆ ಕಣಮ್ಮ, ಬೆರಳ ತುದಿ ನೋಡ್ದ್ಯಾ?’ ಅಂದರು. ಉಗುರು ಒತ್ತಿ ಬಿಟ್ಟಾಗ ಬಿಳಿಚಿದ್ದು ಬೇಗ ಕೆಂಪಾದರೆ ರಕ್ತ ಓಡಾಡುತ್ತಿದೆ, ಇಲ್ಲದಿದ್ದರೆ ಕಟ್ಟು ಬಿಗಿಯಾಗಿದೆ. ಪರೀಕ್ಷೆಯಲ್ಲಿ ನನ್ನನ್ನು ಕೇಳಿದ್ದೂ ಅದನ್ನೇ. ಬ್ಯಾಡ್ಜ್ ಆರಿಸುವಾಗ ಸುಲಭದ್ದನ್ನೇ ಹುಡುಕಬೇಡಿ ಅನ್ನುವುದಿಲ್ಲ, ನಾನೂ ಅಡುಗೆಯದ್ದನ್ನು ತೆಗೆದುಕೊಂಡಿದ್ದೆ. ಆದರೆ ಒಂದಾದರೂ ಮನೆ, ಶಾಲೆ ದಾಟಿಸುವಂಥದ್ದಿರಲಿ.

ಇನ್ನು ಲಾಗ್ ಬುಕ್, ಅಂದರೆ ಮಾಡಿದ್ದನ್ನೆಲ್ಲ ಬರೆದಿಡುವ ಪುಸ್ತಕ. ಪರೀಕ್ಷಾ ಶಿಬಿರಕ್ಕೆ ವಾರವಿರುವಾಗ ಹಿರಿಯರ ಪುಸ್ತಕ ತಂದು ನಕಲು ಮಾಡುವುದು ಎಲ್ಲ ಕಡೆ ಇದೆ, ನನಗೆ ಅದನ್ನು ಕಂಡರೆ ಆಗುವುದಿಲ್ಲ. ಚಿತ್ರ, ಗ್ಲಿಟರು, ಬಣ್ಣದ ಅಂಚು ಎಲ್ಲ ಇರುತ್ತದೆ. ‘ಆ ಚಾರಣದಲ್ಲಿ ನೀರು ಎಲ್ಲಿ ತುಂಬಿಸಿಕೊಂಡ್ರಿ?’ ಅಂತ ಪರೀಕ್ಷಕರು ಕೇಳಿದರೆ ಮುಗಿಯಿತು. ನಾನು ಮನೆಗೆ ಬಂದ ಸಂಜೆಯೇ ನಾಲ್ಕು ಸಾಲು ಗೀಚಿಡುತ್ತಿದ್ದೆ: ಯಾರಿದ್ದರು, ಏನು ಮಾಡಿದೆವು, ಏನು ಸರಿಹೋಗಲಿಲ್ಲ. ನನ್ನ ಪುಸ್ತಕ ನೋಡಲು ಅಷ್ಟೇನೂ ಚೆನ್ನಾಗಿರಲಿಲ್ಲ, ಆದರೆ ಯಾವ ಪುಟ ತೆರೆದು ಕೇಳಿದರೂ ಉತ್ತರ ಇತ್ತು.

ಶಿಬಿರದಲ್ಲಿ ಲಿಖಿತ, ಪ್ರಾಯೋಗಿಕ, ಮೌಖಿಕ ಮೂರೂ ಇರುತ್ತವೆ. ಸಮವಸ್ತ್ರ, ಡೇರೆಯ ಅಚ್ಚುಕಟ್ಟು, ಹುಡುಗಿಯರ ಪುಟ್ಟ ತಂಡವಾದ ಪೆಟ್ರೋಲ್‌ನಲ್ಲಿ ನೀವು ನಡೆದುಕೊಳ್ಳುವ ರೀತಿ ಎಲ್ಲದರ ಮೇಲೂ ಕಣ್ಣಿರುತ್ತದೆ. ಗೈಡ್ ಪೆಟ್ರೋಲ್‌ಗಳಿಗೆ ಹೂವಿನ ಹೆಸರು. ಅಪರಿಚಿತ ಶಾಲೆಗಳ ಹುಡುಗಿಯರ ಜೊತೆ ಒಂದೇ ಹೂವಾಗಿ ಒಲೆ ಹೊತ್ತಿಸಬೇಕು. ಪಾತ್ರೆ ತೊಳೆಯುವ ಸರದಿಯಲ್ಲಿ ಮಾಯವಾಗುವವಳು ಯಾರೆಂದು ಮೊದಲ ದಿನವೇ ಎಲ್ಲರಿಗೂ ತಿಳಿಯುತ್ತದೆ, ಪರೀಕ್ಷಕರಿಗೂ.

ಅಮ್ಮಂದಿರಿಗೆ ಒಂದು ಮಾತು. ಪ್ರತಿ ಮೆಟ್ಟಿಲಿನ ನಡುವೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಹೈಸ್ಕೂಲಿಗೆ ಬಂದ ಮೇಲೆ ಸೇರಿದರೆ ಸಮಯ ಸಾಲುವುದು ಕಷ್ಟ. ಐದು ಆರನೇ ತರಗತಿಯಲ್ಲೇ ಸೇರಿಸಿ, ಎಸ್ಸೆಸ್ಸೆಲ್ಸಿ ವರ್ಷಕ್ಕೆ ಶಿಬಿರ ಬೀಳದಂತೆ ಕ್ಯಾಪ್ಟನ್ ಜೊತೆ ಮೊದಲೇ ಕೂತು ಲೆಕ್ಕ ಹಾಕಿ. ಪ್ರತಿ ಸೋಪಾನದ ಪ್ರಮಾಣಪತ್ರದ ಜೆರಾಕ್ಸ್ ಒಂದು ಫೈಲಿನಲ್ಲಿಡಿ. ಮುಂದಿನ ಹಂತದ ಅರ್ಜಿ ತುಂಬುವಾಗ ಹಿಂದಿನ ದಿನಾಂಕಗಳನ್ನೇ ಕೇಳುತ್ತಾರೆ.